ದಾರ ಕಳಚಿದ ಕಡ್ಡಿ

೧೯೪೩ರ ಬೇಸಿಗೆಯಲ್ಲಿ ನಾನು ಶ್ರೀನಿವಾಸಪುರದ ಒಂದು ಧರ್ಮ ಹೆರಿಗೆ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರಾಗಿದ್ದೆ. ಮಾವಿನ ಮಂಡಿಯ ವರ್ತಕರೊಬ್ಬರು ತೀರಿಕೊಂಡ ಹೆಂಡತಿಯ ನೆನಪಿಗೆ ಕಟ್ಟಿಸಿದ ಆಸ್ಪತ್ರೆ ಅದು. ಎಂಟು ಮಂಚದ ವಾರ್ಡು, ಪಶ್ಚಿಮಕ್ಕೆ ದೊಡ್ಡ ಕಿಟಕಿಯಿದ್ದ ಆಪರೇಷನ್ ಕೋಣೆ, ಮುಂದೆ ಉದ್ದನೆಯ ಜಗಲಿ. ನರ್ಸ್ ಸಾರಮ್ಮ ಮತ್ತು ಒಬ್ಬ ಕಾಂಪೌಂಡರ್ ನನ್ನ ಜೊತೆಗಿದ್ದರು. ಕರೆಂಟು ಇರಲಿಲ್ಲ. ದೊಡ್ಡ ಕೆಲಸಗಳನ್ನೆಲ್ಲ ಬಿಸಿಲಿರುವಾಗಲೇ ಮುಗಿಸುತ್ತಿದ್ದೆವು.

ಯುದ್ಧದ ಕಾಲವಾದ್ದರಿಂದ ಸಾಮಾನು ಸಿಗುತ್ತಿರಲಿಲ್ಲ. ಗರ್ಭಕೋಶದ ಬಾಯಿಯನ್ನು ಹಿಗ್ಗಿಸುವ ಲೋಹದ ಡೈಲೇಟರುಗಳಲ್ಲಿ ಸಣ್ಣವು ಮಾತ್ರ ಉಳಿದಿದ್ದವು. ಬೇಕೆಂದು ಬರೆದು ವರ್ಷ ಕಳೆದರೂ ಹೊಸ ಸೆಟ್ಟು ಬಂದಿರಲಿಲ್ಲ. ಹೀಗಾಗಿ ನಾನು ಹಳೆಯ ಪದ್ಧತಿಯಾದ ಲ್ಯಾಮಿನೇರಿಯಾ ಟೆಂಟನ್ನೇ ಬಳಸುತ್ತಿದ್ದೆ. ಇದು ಸಮುದ್ರದ ಪಾಚಿಯ ಕಾಂಡವನ್ನು ಒಣಗಿಸಿ ಮಾಡಿದ ಕಡ್ಡಿ. ಬಣ್ಣ ಕಪ್ಪು, ಉದ್ದ ಕಿರುಬೆರಳಿನಷ್ಟು, ಒಂದು ತುದಿಗೆ ದಾರ. ಮಧ್ಯಾಹ್ನ ಗರ್ಭಕೋಶದ ಬಾಯಿಯೊಳಗೆ ಇಟ್ಟರೆ ಅಲ್ಲಿನ ಪಸೆ ಹೀರಿ ನಿಧಾನವಾಗಿ ಊದಿ, ಬೆಳಗಿನ ವೇಳೆಗೆ ಬಾಯಿ ತೆರೆಯುತ್ತದೆ. ಆಮೇಲೆ ದಾರ ಹಿಡಿದು ಕಡ್ಡಿಯನ್ನು ತೆಗೆದು, ಕ್ಲೋರೊಫಾರ್ಮ್ ಕೊಟ್ಟು, ಒಳಪದರವನ್ನು ಕ್ಯೂರೆಟ್ಟಿನಿಂದ ಕೆರೆಯಬೇಕು. ಕಡ್ಡಿ ಒಂದು ದಿನಕ್ಕಿಂತ ಹೆಚ್ಚು ಒಳಗೆ ಇರಬಾರದು. ಇದ್ದರೆ ನಂಜೇರುತ್ತದೆ. ಅಪರೂಪಕ್ಕೆ ಅದು ಮೇಲಕ್ಕೆ ಜಾರಿ ಗರ್ಭಕೋಶದೊಳಗೇ ಸಿಕ್ಕಿಕೊಳ್ಳುವುದೂ ಉಂಟೆಂದು ಓದಿದ್ದೆ. ಕಂಡಿರಲಿಲ್ಲ.

ಮುಳಬಾಗಿಲು ರಸ್ತೆಯ ಕಡೆಯ ಒಂದು ಹಳ್ಳಿಯಿಂದ ನಾರಾಯಣಮ್ಮ ಎಂಬ ಹೆಣ್ಣುಮಗಳು ಬಂದಳು. ವಯಸ್ಸು ಇಪ್ಪತ್ತೆರಡು. ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಮುಟ್ಟಿನಲ್ಲಿ ಎದ್ದು ಓಡಾಡಲಾಗದಷ್ಟು ನೋವು, ವಿಪರೀತ ಸ್ರಾವ. ಆಗ ಇದಕ್ಕೆ ಬಾಯಿ ಹಿಗ್ಗಿಸಿ ಕೆರೆಯುವುದೇ ಚಿಕಿತ್ಸೆ. ಗಂಡ ಸೈನ್ಯದಲ್ಲಿ ಲಾರಿ ಡ್ರೈವರು; ಅಸ್ಸಾಮಿನ ಕಡೆಗೆ ಹೋಗಿ ಒಂದು ವರ್ಷ ಮೀರಿತ್ತು. ಮಳೆಗಾಲದಲ್ಲಿ ರಜೆಗೆ ಬರುವನಿದ್ದ. ಅಷ್ಟರೊಳಗೆ ಸೊಸೆ ಸರಿಹೋಗಲಿ ಎಂದು ಅತ್ತೆ ಮುನಿಯಮ್ಮನೇ ಗಾಡಿ ಕಟ್ಟಿಸಿ ಕರೆತಂದಿದ್ದಳು. ಜೊತೆಗೆ ಬಂದಿದ್ದ ಗಂಡಸು ನಾರಾಯಣಮ್ಮನ ಬಾವ ವೆಂಕಟಪ್ಪ, ಮುನಿಯಮ್ಮನ ಹಿರಿಯ ಮಗ.

ಚಿಕಿತ್ಸೆಯ ವಿವರವನ್ನು ಮನೆಯ ಗಂಡಸಿಗೆ ಹೇಳಿ ಒಪ್ಪಿಗೆ ಪಡೆಯುವುದು ಆಗ ಎಲ್ಲ ಆಸ್ಪತ್ರೆಗಳಲ್ಲೂ ನಡೆದುಬಂದಿದ್ದ ಕ್ರಮ. ಜಗಲಿಯಲ್ಲಿ ಕುಳಿತಿದ್ದ ವೆಂಕಟಪ್ಪನಿಗೆ ನಾನು ಎಲ್ಲವನ್ನೂ ವಿವರಿಸಿದೆ: ಕಡ್ಡಿ ಇಡುತ್ತೇವೆ, ಅದು ಊದುತ್ತದೆ, ನಾಳೆ ತೆಗೆಯುತ್ತೇವೆ. ತಮ್ಮನ ಹೆಂಡತಿಯ ದೇಹದ ವಿಷಯ ಕೇಳಬೇಕಾಗಿ ಬಂದದ್ದಕ್ಕೆ ಆತ ನೆಲ ನೋಡುತ್ತ ಹೂಂ ಎಂದನೇ ಹೊರತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿ ಎದ್ದುಹೋದ.

ಟೆಂಟ್ ಇಡಲು ಅರಿವಳಿಕೆ ಬೇಕಿಲ್ಲ. ಧೈರ್ಯಕ್ಕೆಂದು ಮುನಿಯಮ್ಮ ಸೊಸೆಯ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಸಾರಮ್ಮ ಟ್ರೇ ತಂದಾಗ ಅವಳು ಒಮ್ಮೆ ಅದರತ್ತ ಬಾಗಿ ನೋಡಿದ್ದು ನನಗೆ ನೆನಪಿದೆ. ಕೆಲಸ ಸಲೀಸಾಗಿ ಮುಗಿಯಿತು. ಸಂಜೆ ರೌಂಡಿಗೆ ಹೋದಾಗ ಆ ಮಂಚ ಖಾಲಿ ಇತ್ತು. ಮೂವರೂ ಗಾಡಿ ಕಟ್ಟಿಕೊಂಡು ಊರಿಗೆ ಹೊರಟುಹೋಗಿದ್ದರು.

ಆ ಹೊತ್ತಿನಲ್ಲಿ ಅವರ ಹಿಂದೆ ಹೋಗಲು ನನಗೆ ಯಾವ ವಾಹನವೂ ಸಿಗಲಿಲ್ಲ. ಬೆಳಗಿನ ಮೊದಲ ಬಸ್ಸು ಹತ್ತಿದೆ; ಪೆಟ್ರೋಲು ಸಿಗದ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಅದು. ಏರು ಬಂದಲ್ಲೆಲ್ಲ ನಮ್ಮನ್ನು ಇಳಿಸಿ ನಡೆಸಿತು. ಚೀಲದಲ್ಲಿ ನಂಜಿಗೆ ಕೊಡುವ ಸಲ್ಫಾ ಮಾತ್ರೆ, ಥರ್ಮಾಮೀಟರು, ಔಷಧಿ ಅಳೆಯುವ ಗಾಜಿನ ಲೋಟ, ಮೂರು ಒಣ ಟೆಂಟುಗಳಿದ್ದ ಒಂದು ನಳಿಗೆ ಇದ್ದವು. ಟೆಂಟುಗಳನ್ನು ಏಕೆ ತೆಗೆದುಕೊಂಡೆನೆಂದು ಈಗಲೂ ಹೇಳಲಾರೆ. ಬಹುಶಃ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡಿದ್ದೆ.

ಅವರ ಮನೆ ಸೇರಿದಾಗ ನಾರಾಯಣಮ್ಮ ನಡುಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಜ್ವರ ನೂರ ಎರಡು, ನಾಡಿ ನೂರ ಹದಿನೆಂಟು, ಚಳಿ ಹತ್ತಿ ನಡುಗುತ್ತಿದ್ದಳು. ಕೆಳಹೊಟ್ಟೆ ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದಳು. ಹೊಟ್ಟೆ ಇನ್ನೂ ಗಟ್ಟಿಯಾಗಿರಲಿಲ್ಲ. ನಂಜು ಗರ್ಭಕೋಶದಾಚೆಗೆ ಹರಡಿಲ್ಲವೆಂಬುದಕ್ಕೆ ಇದ್ದ ಒಂದೇ ಭರವಸೆ ಅದು.

ಮುನಿಯಮ್ಮ ಬಾಗಿಲಿಗೆ ಅಡ್ಡ ಕುಳಿತಿದ್ದಳು. ಆ ಮನೆಯವರು ತಮ್ಮತಮ್ಮಲ್ಲಿ ತೆಲುಗು ಆಡುತ್ತಿದ್ದರು. ನನ್ನೊಡನೆ ಅವಳು ಕನ್ನಡದಲ್ಲೇ ಮಾತಾಡಿದಳು. ಸೆರಗಿನ ಗಂಟು ಬಿಚ್ಚಿ ಒಂದು ತುಂಡು ದಾರ ತೋರಿಸಿದಳು. ರಾತ್ರಿ ತಾನೇ ಎಳೆದಳಂತೆ. ದಾರ ಕಳಚಿ ಕೈಗೆ ಬಂತು, ಕಡ್ಡಿ ಬರಲಿಲ್ಲ.

"ನಾನೇನು ಕಣ್ಣಿಲ್ಲದೋಳಾ ಡಾಕ್ಟ್ರಮ್ಮ? ಕಪ್ಪು ಕಡ್ಡಿ, ತುದಿಗೆ ದಾರ. ನಮ್ಮ ಕಡೆ ಇಂಥಾದ್ದು ಯಾತಕ್ಕೆ ಇಡ್ತಾರೆ ಅಂತ ನನಗೆ ಗೊತ್ತಿಲ್ವಾ? ನನ್ನ ಮಗ ಹೋಗಿ ವರ್ಷ ಆಯ್ತು. ನನ್ನ ಕೈಯಾಗೇ ಕರೆಸ್ಕೊಂಡು ಬಂದು, ನನ್ನ ಕಣ್ಣೆದುರಿಗೇ ಬಸಿರು ತೆಗೆಸ್ತಾಳಲ್ಲ ಇವಳು!"

ಆ ಸೀಮೆಯಲ್ಲಿ ಗರ್ಭ ಇಳಿಸಬೇಕಾದವರು ಗುಟ್ಟಾಗಿ ಬಳಸುತ್ತಿದ್ದ ಬೇರಿನ ಕಡ್ಡಿಯನ್ನು ನಾನು ಕಂಡಿದ್ದೆ. ಅದರಿಂದ ಸತ್ತವರನ್ನೂ ಕಂಡಿದ್ದೆ. ಅದಕ್ಕೂ ಒಳಗೆ ಜಾರದಂತೆ ದಾರ ಕಟ್ಟುತ್ತಿದ್ದರು. ಟ್ರೇಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ಯಾರಿಗಾದರೂ ಒಂದೇ ಎನ್ನಿಸುತ್ತಿತ್ತು.

ಅಂಗಳದಲ್ಲಿ ನಿಂತಿದ್ದ ವೆಂಕಟಪ್ಪನನ್ನು ಕರೆದೆ. ನಾನು ಜಗಲಿಯಲ್ಲಿ ಹೇಳಿದ್ದನ್ನು ತಾಯಿಗೆ ಹೇಳು ಎಂದೆ.

"ಏನೋ ಹೇಳಿದ್ರಿ ತಾಯಿ," ಎಂದ ಆತ, ಎತ್ತಿನ ಕಡೆ ನೋಡುತ್ತ. "ಹೆಂಗಸರ ವಿಚಾರ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಚಾಪೆಯ ಮೇಲಿದ್ದವಳು ಆಗ ಮೊದಲ ಬಾರಿಗೆ ಬಾಯಿ ತೆರೆದಳು. ಧ್ವನಿ ಬಹಳ ಮೆಲ್ಲಗಿತ್ತು. "ನನಗೇನು ಹಾಕಿದ್ರಮ್ಮ? ಅತ್ತಮ್ಮ ಕೇಳಿದ್ರೆ ಏನಂತ ಹೇಳ್ಲಿ? ನನಗೂ ಗೊತ್ತಿಲ್ವಲ್ಲ."

ಕಡ್ಡಿಯನ್ನು ಅಂದೇ ತೆಗೆಯಬೇಕಿತ್ತು. ತಡವಾದರೆ ನಂಜು ರಕ್ತಕ್ಕೆ ಸೇರುತ್ತದೆ, ಪೆನಿಸಿಲಿನ್ ಎಂಬ ಔಷಧಿಯ ಹೆಸರು ಕೇಳಿದ್ದೆವೇ ಹೊರತು ನಮ್ಮ ಕಡೆಗೆ ಅದು ಬಂದಿರಲಿಲ್ಲ. ಇದನ್ನೆಲ್ಲ ಮುನಿಯಮ್ಮನಿಗೆ ಹೇಳಿದೆ. ಅವಳು ಅಲುಗಾಡಲಿಲ್ಲ. ಕಡ್ಡಿ ಅಲ್ಲೇ ಇರಲಿ, ಬೀಳುವುದು ಬೀಳಲಿ, ಏನು ಬೀಳುತ್ತದೋ ಊರೇ ನೋಡಲಿ ಎಂಬುದು ಅವಳ ಹಟ. ಅಷ್ಟರಲ್ಲಾಗಲೇ ಅಕ್ಕಪಕ್ಕದ ಹೆಂಗಸರಿಗೆ ವಿಷಯ ಮುಟ್ಟಿತ್ತು. ಗೋಡೆಯಾಚೆ ಗುಸುಗುಸು ಕೇಳುತ್ತಿತ್ತು.

ವಾದ ಮಾಡಿ ಪ್ರಯೋಜನವಿಲ್ಲವೆಂದು ತಿಳಿಯಿತು. ಬಿಸಿನೀರು ಕೇಳಿ ಗಾಜಿನ ಲೋಟಕ್ಕೆ ಹುಯ್ದೆ. ನಳಿಗೆಯಿಂದ ಒಂದು ಒಣ ಟೆಂಟ್ ತೆಗೆದು ಮೊದಲು ಅವಳ ಅಂಗೈಗೆ ಕೊಟ್ಟೆ. ಮುಟ್ಟಿ ನೋಡು, ನೀನು ಕಂಡದ್ದು ಇದೇ ತಾನೆ ಎಂದು ಕೇಳಿದೆ. ಹೌದೆಂದಳು. ಅವಳ ಕೈಯಿಂದಲೇ ಅದನ್ನು ನೀರಿಗೆ ಹಾಕಿಸಿದೆ.

"ನಿಮ್ಮ ಕಡೆಯ ಕಡ್ಡಿ ನೀರಿನಲ್ಲಿ ಊದುತ್ತಾ?"

"ಅದ್ಯಾಕೆ ಊದೀತು? ಅದು ಬೇರು."

"ಇದು ಸಂಜೆಯೊಳಗೆ ಊದದಿದ್ರೆ ನೀವು ಹೇಳಿದ್ದೇ ನಿಜ, ಊರಿಗೆಲ್ಲ ಹೇಳಿ. ಲೋಟ ನಿಮ್ಮ ಕೈಯಲ್ಲೇ ಇರಲಿ. ಆಪರೇಷನ್ ಕೋಣೆಯಲ್ಲೂ ನೀವೇ ನಿಂತ್ಕೊಳ್ಳಿ. ಒಳಗಿಂದ ಏನು ಬರುತ್ತೋ ನಿಮ್ಮ ಕಣ್ಣಾರೆ ನೋಡಿ. ಆದರೆ ಈಗಲೇ ಹೊರಡಬೇಕು."

ಅವಳು ಲೋಟವನ್ನು ಎತ್ತಿಕೊಂಡಳು. ಮಗನ ಕಡೆ ತಿರುಗಿ ತೆಲುಗಿನಲ್ಲಿ ಗಾಡಿ ಕಟ್ಟು ಎಂದಳು.

ಗಾಡಿಯಲ್ಲಿ ಹುಲ್ಲಿನ ಮೇಲೆ ನಾರಾಯಣಮ್ಮ, ಅವಳ ನಾಡಿ ಹಿಡಿದು ನಾನು, ಎದುರಿಗೆ ಎರಡು ಕೈಯಲ್ಲೂ ಲೋಟ ಹಿಡಿದು ಮುನಿಯಮ್ಮ. ಗಾಡಿ ಕುಲುಕಿದಾಗ ನೀರು ಚೆಲ್ಲದಂತೆ ಅಂಗೈ ಮುಚ್ಚುತ್ತಿದ್ದಳು. ಅರ್ಧ ದಾರಿಯಲ್ಲಿ ಒಮ್ಮೆ ಬಗ್ಗಿ ನೋಡಿದಳು. ಕಡ್ಡಿಯ ಕಪ್ಪು ಸಿಪ್ಪೆ ಬಿರಿದು ಒಳಗಿನ ಕಂದು ಕಾಣುತ್ತಿತ್ತು. ಸೆರಗಿನ ತುದಿ ತೆಗೆದು ಸೊಸೆಯ ಮುಖಕ್ಕೆ ಬಿಸಿಲು ಬೀಳದಂತೆ ಹಿಡಿದಳು.

ಆಸ್ಪತ್ರೆ ತಲಪಿದಾಗ ಜ್ವರ ನೂರ ಮೂರು ದಾಟಿತ್ತು. ಹೊರಗಿನವರು ಆಪರೇಷನ್ ಕೋಣೆಗೆ ಬರುವುದಕ್ಕೆ ಸಾರಮ್ಮ ಸುತರಾಂ ಒಪ್ಪಲಿಲ್ಲ. ನಾನು ಮಾತು ಕೊಟ್ಟಿದ್ದೇನೆ ಎಂದ ಮೇಲೆ ಮುನಿಯಮ್ಮನಿಗೆ ಕಾಲು ತೊಳೆಸಿ, ಬಿಳಿ ಬಟ್ಟೆ ಹೊದಿಸಿ, ಗೋಡೆಗೆ ಒತ್ತಿ ನಿಲ್ಲಿಸಿ, ಅಲ್ಲಿಂದ ಕದಲಿದರೆ ಹೊರಗೆ ಹಾಕುತ್ತೇನೆಂದು ಗದರಿಸಿದಳು. ಕಾಂಪೌಂಡರ್ ಕ್ಲೋರೊಫಾರ್ಮ್ ಹನಿಸಿದ. ಸಾರಮ್ಮ ಕಿಟಕಿಯ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ನನಗೆ ಬೆಳಕು ಕೊಟ್ಟಳು.

ಗರ್ಭಕೋಶದ ಹೊರಬಾಯಿಯಲ್ಲಿ ಕಡ್ಡಿ ಕಾಣಲಿಲ್ಲ. ಆಳ ನೋಡುವ ಸಣ್ಣ ಸೌಂಡ್ ಸಲಾಕೆಯನ್ನು ಬಲ ಹಾಕದೆ ಒಳಗೆ ಸರಿಸಿದೆ. ಮೇಲೆ ಮೆತ್ತಗಿನದೇನೋ ತಗುಲಿತು. ಕಡ್ಡಿ ಗರ್ಭಕೋಶದ ಕೊರಳಿನ ಮೇಲ್ತುದಿಯಾದ ಒಳಬಾಯಿಯನ್ನು ಅರ್ಧ ದಾಟಿ ಮೇಲಕ್ಕೆ ಜಾರಿತ್ತು. ಒಳಬಾಯಿ ಹಿಡಿದ ಕಡೆ ಸಣ್ಣಗಾಗಿ, ಮೇಲೂ ಕೆಳಗೂ ಊದಿ, ಡಮರುವಿನ ಆಕಾರವಾಗಿರಬೇಕು ಎಂದು ಊಹಿಸಿದೆ. ಇಂಥ ಸ್ಥಿತಿಯಲ್ಲಿ ಎರಡು ಅಪಾಯಗಳಿರುತ್ತವೆ. ಜೋರಾಗಿ ಎಳೆದರೆ ಗರ್ಭಕೋಶದ ಕೊರಳು ಹರಿಯುತ್ತದೆ. ಹಿಡಿತಕ್ಕೆಂದು ಮೇಲೆ ಒತ್ತಿದರೆ, ನಂಜಿನಿಂದ ಮೆತ್ತಗಾದ ಗೋಡೆಯನ್ನು ತೂರಿ ಕಡ್ಡಿ ಹೊಟ್ಟೆಯೊಳಗೆ ಹೋಗುತ್ತದೆ. ಹಾಗಾದರೆ ಹೊಟ್ಟೆ ಬಗೆದು ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಆ ಆಪರೇಷನ್ ನಮ್ಮಲ್ಲಿ ಸಾಧ್ಯವಿರಲಿಲ್ಲ. ಕೋಲಾರಕ್ಕೆ ಒಯ್ಯುವಷ್ಟು ಕಾಲ ಅವಳಿಗಿರಲಿಲ್ಲ.

ಇದ್ದ ಸಣ್ಣ ಡೈಲೇಟರುಗಳನ್ನು ಒಂದಾದ ಮೇಲೊಂದು ಇಟ್ಟು ಒಳಬಾಯಿಯನ್ನು ಸ್ವಲ್ಪ ಸಡಿಲಿಸಿದೆ. ಫೋರ್ಸೆಪ್ಸ್ ಇಕ್ಕಳದಲ್ಲಿ ಕಡ್ಡಿಯ ಕೆಳತುದಿ ಸಿಕ್ಕಿತು. ಎಳೆಯದೆ, ತಿರುಗಿಸುತ್ತ ತಂದೆ. ಊದಿ ಮೆತ್ತಗಾಗಿದ್ದ ಕಡ್ಡಿ ನಡುವಿಗೆ ಮುರಿಯಿತು. ಅರ್ಧ ಮಾತ್ರ ಕೈಗೆ ಬಂತು.

ಅದೇ ಹೊತ್ತಿಗೆ ಕಾಂಪೌಂಡರ್ ನಾಡಿ ಸಣ್ಣಗಾಗುತ್ತಿದೆ ಎಂದ. ಕ್ಲೋರೊಫಾರ್ಮ್ ನಿಲ್ಲಿಸಲು ಹೇಳಿ ಕೈ ತೆಗೆದೆ. ಉಳಿದ ತುಂಡನ್ನು ಹುಡುಕಲು ಫೋರ್ಸೆಪ್ಸನ್ನು ಮತ್ತೆ ಮೇಲಕ್ಕೆ ಕಳಿಸುವ ಆಸೆಯನ್ನು ತಡೆದುಕೊಂಡು ಸುಮ್ಮನೆ ನಿಂತದ್ದು ಆ ದಿನದ ಅತಿ ಕಷ್ಟದ ಕೆಲಸ. ಕಿಟಕಿಯ ಬಿಸಿಲು ಜಾರುತ್ತಿತ್ತು; ಸಾರಮ್ಮ ಅದರ ಹಿಂದೆಯೇ ಕನ್ನಡಿ ಸರಿಸುತ್ತಿದ್ದಳು. ನಾಡಿ ತುಂಬಿಕೊಂಡಿತು. ನಾರಾಯಣಮ್ಮ ಅರೆಎಚ್ಚರದಲ್ಲಿ ನರಳಿದಳು. ಆ ನರಳುವಿಕೆಗೆ ಗರ್ಭಕೋಶವೂ ಬಿಗಿಯಿತೆಂದು ತೋರುತ್ತದೆ, ತುಂಡಿನ ತುದಿ ತಾನಾಗಿ ಒಳಬಾಯಿಗೆ ಇಳಿದು, ನಾನು ಮತ್ತೆ ಸಲಾಕೆ ಇಟ್ಟಾಗ ತಗುಲಿತು. ಹೊಟ್ಟೆಯ ಮೇಲೆ ಎಡಗೈ ಇಟ್ಟು ಗರ್ಭಕೋಶವನ್ನು ಸ್ಥಿರವಾಗಿ ಹಿಡಿದುಕೊಂಡು, ಬಲಗೈಯ ಫೋರ್ಸೆಪ್ಸಿನಲ್ಲಿ ತುಂಡನ್ನು ಹಿಡಿದು ತಿರುಗಿಸುತ್ತ ಇಳಿಸಿದೆ. ಬಂತು. ಜೊತೆಗೆ ದುರ್ವಾಸನೆಯ ಸ್ವಲ್ಪ ನೀರು. ನಂಜಿದ್ದಾಗ ಕೆರೆದರೆ ಅದು ಹರಡುತ್ತದೆ. ಕ್ಯೂರೆಟ್ಟನ್ನು ನಾನು ಮುಟ್ಟಲಿಲ್ಲ.

ಎರಡು ತುಂಡುಗಳನ್ನೂ ಟ್ರೇಯಲ್ಲಿ ಜೋಡಿಸಿ ಮುನಿಯಮ್ಮನ ಮುಂದೆ ಹಿಡಿದೆ. ಅವಳು ಕೈಯಲ್ಲಿದ್ದ ಲೋಟವನ್ನು ಅದರ ಪಕ್ಕಕ್ಕೆ ತಂದಳು. ಲೋಟದೊಳಗಿನ ಕಡ್ಡಿ ಬೆಳಿಗ್ಗೆ ಇದ್ದುದರ ಎರಡರಷ್ಟು ದಪ್ಪವಾಗಿ ತಳದಲ್ಲಿ ಮಲಗಿತ್ತು.

"ಒಳಗೆ ಇನ್ನೇನೂ ಇಲ್ವಾ?" ಎಂದಳು.

"ಇಲ್ಲ. ಏನೂ ಇರಲಿಲ್ಲ."

ಅವಳು ಹೊರಗೆ ಹೋಗಿ ಜಗಲಿಯಲ್ಲಿ ಕುಳಿತಳು. ವೆಂಕಟಪ್ಪ ಏನೋ ಕೇಳಿದ. "ಕಿವಿ ತೆರಕೊಂಡಿದ್ದಿದ್ರೆ ನಿನಗೇ ಗೊತ್ತಿರ್ತಿತ್ತಲ್ಲೋ," ಎಂದಳು.

ಗಂಡಾಂತರ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಜ್ವರ ನೂರ ನಾಲ್ಕಕ್ಕೆ ಏರಿತು, ಹೊಟ್ಟೆ ಉಬ್ಬಿತು. ಸಲ್ಫಾ ಮಾತ್ರೆ, ಮಲಗಿಸುವ ಬದಲು ದಿಂಬಿಗೆ ಒರಗಿಸಿ ಕೂರಿಸುವುದು, ಗುಟುಕು ಗುಟುಕಾಗಿ ನೀರು: ನಮ್ಮ ಬಳಿ ಇದ್ದದ್ದು ಇಷ್ಟೇ. ಆ ನೀರನ್ನು ಮುನಿಯಮ್ಮನೇ ಕುಡಿಸುತ್ತಿದ್ದಳು. ನಾರಾಯಣಮ್ಮ ಅವಳ ಕೈಯಿಂದ ಕುಡಿಯುತ್ತಿದ್ದಳು, ಆದರೆ ಅವಳ ಮುಖ ನೋಡುತ್ತಿರಲಿಲ್ಲ. ವಾರ ಕಳೆಯುವ ಹೊತ್ತಿಗೆ ಜ್ವರ ಇಳಿಯಿತು. ಹೊಟ್ಟೆ ಮೆತ್ತಗಾಯಿತು.

ಮನೆಗೆ ಹೊರಡುವ ದಿನ ಮುನಿಯಮ್ಮ ನನ್ನ ಕೋಣೆಗೆ ಬಂದು ಒಂದು ಒಣ ಕಡ್ಡಿ ಬೇಕು ಎಂದಳು. ಏತಕ್ಕೆ ಎಂದು ಕೇಳಿದೆ.

"ಊರಾಗೆ ಎಲ್ರಿಗೂ ಹೇಳಿದ್ದು ನಾನಲ್ವಾ ತಾಯಿ. ಈಗ ಬರೀ ಬಾಯಿಮಾತಿಗೆ ಯಾರು ನಂಬ್ತಾರೆ? ನೀರಿಗೆ ಹಾಕಿ ತೋರಿಸ್ತೀನಿ."

ನಳಿಗೆಯಲ್ಲಿ ಎರಡು ಉಳಿದಿದ್ದವು. ಒಂದನ್ನು ಕೊಟ್ಟೆ. ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದ ನಾರಾಯಣಮ್ಮ ಅತ್ತೆಯನ್ನು ನೇರವಾಗಿ ನೋಡಿ ಹೇಳಿದಳು: "ಆ ಗಾಜಿನ ಲೋಟಾನೂ ಕೇಳಿ ಅತ್ತಮ್ಮ. ತಂಬಿಗೆಯಾಗೆ ಹಾಕಿದ್ರೆ ಯಾರಿಗೂ ಕಾಣಕಿಲ್ಲ."

ಮುನಿಯಮ್ಮ ಕೇಳಿದಳು. ಲೋಟವನ್ನೂ ಕೊಟ್ಟೆ. ಔಷಧಿ ಅಳೆಯಲು ಬೇರೆ ಲೋಟ ಬರುವವರೆಗೆ ಕಾಂಪೌಂಡರ್ ಗೊಣಗುತ್ತಿದ್ದ.

ಮರುವರ್ಷ ನಾನು ಮಾಲೂರಿಗೆ ಬಂದೆ. ಅವಳ ಗಂಡ ರಜೆಗೆ ಬಂದನೋ, ಮಕ್ಕಳಾದವೋ ನನಗೆ ತಿಳಿಯಲಿಲ್ಲ. ಲೋಹದ ಡೈಲೇಟರುಗಳು ಸಿಕ್ಕಿದ ಮೇಲೆ ಟೆಂಟಿನ ಬಳಕೆಯೂ ನಿಂತಿತು. ಆದರೆ ಆ ನಳಿಗೆಯಲ್ಲಿ ಉಳಿದ ಒಂದನ್ನು ಮೇಜಿನ ಮೇಲೆ ಬಹಳ ಕಾಲ ಇಟ್ಟುಕೊಂಡಿದ್ದೆ. ಅಂದಿನಿಂದ, ಕ್ರಮಕ್ಕೆ ಬೇಕಾದ ಜಗಲಿಯ ಗಂಡಸಿನ ಒಪ್ಪಿಗೆಯನ್ನು ಆಮೇಲೆ ಪಡೆಯುತ್ತಿದ್ದೆ. ಮೊದಲು ಮಂಚದ ಮೇಲಿದ್ದವಳ ಕೈಗೆ ಉಪಕರಣವನ್ನು ಕೊಟ್ಟು, ಇದು ಏನು, ಎಲ್ಲಿಗೆ ಹೋಗುತ್ತದೆ, ಯಾವಾಗ ಹೊರಗೆ ಬರುತ್ತದೆ ಎಂದು ಹೇಳುತ್ತಿದ್ದೆ. ಆಮೇಲೆ, ಅತ್ತೆ ಕೇಳಿದರೆ ಏನು ಹೇಳ್ತೀಯ, ನನಗೆ ಹೇಳು ಎನ್ನುತ್ತಿದ್ದೆ. ಅವಳು ತನ್ನದೇ ಮಾತಿನಲ್ಲಿ ಅದನ್ನು ಹೇಳಿ ಮುಗಿಸುವವರೆಗೆ ನಾನು ಕೈ ತೊಳೆಯಲು ಏಳುತ್ತಿರಲಿಲ್ಲ.