ಮಾರ್ವಾ ಆಸ್ಪತ್ರೆಗೆ ಉಡುತ್ತಿದ್ದ ಬಟ್ಟೆ

ಮಾರ್ವಾಳನ್ನು ನಾನು ಮೊದಲು ಕಂಡದ್ದು ೨೦೦೯ರ ನವೆಂಬರಿನಲ್ಲಿ, ಕೆನಡಾದ ಸ್ಕಾರ್‌ಬರೋದ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ. ಲಾಂಡ್ರಿ ರೂಮಿನ ಬಾಗಿಲ ಬಳಿ ಬಿ.ಪಿ. ನೋಡುವ ಮೆಷಿನ್ ಇಟ್ಟುಕೊಂಡು ಕೂತಿದ್ದಳು. ನರ್ಸಲ್ಲ, ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಐವತ್ತರ ಕಪ್ಪು ಹೆಂಗಸು, ಹುಟ್ಟಿದ್ದು ಜಮೈಕಾದಲ್ಲಿ. ಸೀರೆಯ ಕೆಳಗಿನ ನನ್ನ ಸ್ನೋ ಬೂಟು ನೋಡಿ ನಕ್ಕಳು.

“ಕೆಳಗೆ ಕೆನಡಾ, ಮೇಲೆ ಇಂಡಿಯಾ! ಬನ್ನಿ ಮದರ್, ತೋಳು ಕೊಡಿ.”

ಅವರ ಚರ್ಚಿನಲ್ಲಿ ಹಿರಿಯ ಹೆಂಗಸರನ್ನು ‘ಮದರ್’ ಎಂದೇ ಕರೆಯುತ್ತಾರೆ. ನನ್ನ ಬಿ.ಪಿ. ನೋಡಿದವಳು ನಗು ನಿಲ್ಲಿಸಿದಳು. ನನ್ನ ಮಗಳು ಶ್ರೀಜಾ ಪಕ್ಕದ ಪಿಕರಿಂಗ್ ಊರಿಗೆ ಕೆಲಸಕ್ಕೆ ಹೋಗಿದ್ದಳು; ಮಾರ್ವಾಳೇ ನನ್ನನ್ನು ಎರಡು ಬಸ್ಸು ಬದಲಿಸಿ ಡಾಕ್ಟರ ಬಳಿ ಕರೆದೊಯ್ದಳು. ನನ್ನದು ಹರಕು ಇಂಗ್ಲಿಷು. ಅವಳಿಗೆ ಅಷ್ಟು ಸಾಕಾಯಿತು.

ನಮ್ಮ ಬಿಲ್ಡಿಂಗಿನಲ್ಲಿ ಕಪ್ಪು ಜನರೇ ಹೆಚ್ಚು. ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಡಾಕ್ಟರು ಹತ್ತಿರದಲ್ಲಿ ಇರಲಿಲ್ಲ. ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಮಾಡಿ, ತಿಂಗಳಿಗೊಮ್ಮೆ ಒಬ್ಬ ನರ್ಸು ಬರುವಂತೆ ಮಾಡಿದ್ದು ಮಾರ್ವಾ. ಮಾರನೆಯ ವರ್ಷ ಅದೂ ನಿಂತಿತು.

ಅವಳಿಗೇ ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆ ಮೂಳೆಯೂ ನೋಯುತ್ತದೆ. ಒಮ್ಮೆ ಎಮರ್ಜೆನ್ಸಿಯಲ್ಲಿ ಕಿರುಚಿದ್ದಕ್ಕೆ, ನೋವಿಗೆ ಕೊಡುವ ಮಾರ್ಫಿನ್ನಿನ ಚಟಕ್ಕೆ ಬಂದವಳೆಂದು ಪಕ್ಕದಲ್ಲಿ ಸೆಕ್ಯುರಿಟಿಯವನನ್ನು ನಿಲ್ಲಿಸಿದ್ದರಂತೆ. ಅಂದಿನಿಂದ ಬಿಲ್ಡಿಂಗಿನವರಿಗೆಲ್ಲ ಅವಳದು ಒಂದೇ ಪಾಠ.

“ಆಸ್ಪತ್ರೆಗೆ ಹೋಗೋವಾಗ ಚರ್ಚಿಗೆ ಹೋಗೋ ಹಾಗೆ ಡ್ರೆಸ್ ಮಾಡ್ಕೊಳ್ಳಿ. ಕಿರುಚಬೇಡಿ. ಆಗ ಮರ್ಯಾದಸ್ಥರು ಅಂತ ನೋಡ್ತಾರೆ.”

“ಅದೇನು ಮದುವೆಮನೇನಾ ಮಾರ್ವಮ್ಮ?” ಎಂದೆ.

“ಮದುವೆಗೆ ಹೇಗೆ ಹೋದ್ರೂ ಊಟ ಹಾಕ್ತಾರೆ, ಮದರ್.”

೨೦೧೩ರ ಜನವರಿಯ ಒಂದು ಬೆಳಿಗ್ಗೆ ಅವಳ ಎದೆಯೂ ಬೆನ್ನೂ ಹಿಡಿದುಕೊಂಡವು. ಶ್ರೀಜಾ ಕಾರು ತೆಗೆದಳು. ಮಾರ್ವಾ ಮೊದಲು ಇಸ್ತ್ರಿ ಮಾಡಿದ ಕೋಟು ಕೇಳಿದಳು. ಅವಳಿಗೆ ಕೈ ಎತ್ತಲಾಗದೆ ಲಿಪ್‌ಸ್ಟಿಕ್ ನಾನೇ ಹಚ್ಚಿದೆ. ಶ್ರೀಜಾ ನಮ್ಮಿಬ್ಬರನ್ನು ಆಸ್ಪತ್ರೆಯಲ್ಲಿ ಇಳಿಸಿ ಶಿಫ್ಟಿಗೆ ಹೋದಳು.

“ನೋವು ಹತ್ತಕ್ಕೆ ಎಷ್ಟು?” ಎಂದಳು ನರ್ಸು.

“ಹತ್ತು, ಮ್ಯಾಡಮ್. ಸಿಕಲ್ ಸೆಲ್. ಉಸಿರೂ ಸರಿಯಾಗಿ ಸಿಗ್ತಿಲ್ಲ.”

ನರ್ಸು ಕೋಟು ನೋಡಿದಳು, ತುಟಿ ನೋಡಿದಳು. “ಹತ್ತಾಗಿದ್ರೆ ಹೀಗೆ ಕೂತು ಮಾತಾಡೋಕೆ ಆಗಲ್ಲ. ಅಲ್ಲಿರಿ, ಕರೀತೀವಿ.”

ನಮ್ಮ ನಂತರ ಬಂದ, ಕಾಲು ಉಳುಕಿದ ಹುಡುಗಿ ಒಳಗೆ ಹೋದಳು. ನಾನು ಕೌಂಟರಿಗೆ ಹೋಗಿ, “ಪೇನ್, ವೆರಿ ಪೇನ್” ಎಂದೆ. ಕೂತುಕೊಳ್ಳಲು ಕೈ ತೋರಿಸಿದರು.

“ಕಿರುಚು ಮಾರ್ವಮ್ಮ. ಈಗಲಾದ್ರೂ ಕಿರುಚು.”

ಅವಳು ಆಗದೆಂದು ತಲೆಯಾಡಿಸಿದಳು. ಸೆಕ್ಯುರಿಟಿಯವನು ಬಾಗಿಲಲ್ಲೇ ಇದ್ದ.

ಮಧ್ಯಾಹ್ನ ಅವಳು ಕುರ್ಚಿಯಿಂದ ಜಾರಿ ಬಿದ್ದ ಮೇಲೆ ಎಲ್ಲರೂ ಓಡಿ ಬಂದರು. ಎಚ್ಚರ ಬರಲೇ ಇಲ್ಲ, ಮರುದಿನ ತೀರಿಕೊಂಡಳು. ಬೀಳುವುದಕ್ಕೆ ಸ್ವಲ್ಪ ಮುಂಚೆ ನನ್ನ ಮಣಿಕಟ್ಟು ಹಿಡಿದು ಕೇಳಿದ್ದು ಇಷ್ಟು:

“ಮದರ್, ನಾನು ಸುಳ್ಳು ಹೇಳ್ತಿಲ್ಲ ಅಂತ ನೀವಾದ್ರೂ ಅವರಿಗೆ ಹೇಳ್ತೀರಾ?”