ಗೇಟಿನ ಪಕ್ಕದ ಖಾಲಿ ಜಾಗ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಸಭಾಂಗಣದ ಹಿಂದಿನ ಮೈದಾನದಲ್ಲಿ ಹಳೇ ವ್ಯಾನೊಂದು ನಾಲ್ಕು ಮಾರು ಮುಂದೆ ಬಂದು, ಗಕ್ಕನೆ ಜಗ್ಗಿ, ಆಫ್ ಆಗುತ್ತದೆ. "ಅಕ್ಕಾ, ಕ್ಲಚ್ಚಿಂದ ಕಾಲು ಹಾಗೆ ಕಿತ್ತುಕೊಂಡ್ರೆ ಅದಾದ್ರೂ ಏನು ಮಾಡುತ್ತೆ ಪಾಪ? ನಿಧಾನ ಬಿಡು," ಎಂದು ಪಕ್ಕದಲ್ಲಿ ಕೂತ ತಮ್ಮ ಹಲ್ಲು ಕಿರಿಯುತ್ತಾನೆ. ಸ್ಟೇರಿಂಗ್ ಹಿಡಿದ ಅಕ್ಕ ನಗುವುದಿಲ್ಲ. ಕಾಂಪೌಂಡಿನಾಚೆ ಹಾಲಿನವನ ಸೈಕಲ್ ಹೋದರೂ ಸಾಕು, ಸೀಟಿನಲ್ಲೇ ಮುದುಡಿಕೊಳ್ಳುತ್ತಾರೆ.

ಮುದುಡಿಕೊಳ್ಳದೆ ಇನ್ನೇನು! ಇಲ್ಲಿ ಸಂಗೀತವಿರಲಿ, ನಾಟಕವಿರಲಿ, ವಸ್ತುಪ್ರದರ್ಶನವಿರಲಿ, ಬಂದವರಿಗೆಲ್ಲ ಗಾಡಿ ಹೇಗೆ ನಿಲ್ಲಿಸಬೇಕೆಂದು ಹೇಳಿಕೊಡುವುದು ಇವರೇ. ಮೈಮೇಲೆ ಮಿಂಚುವ ಜಾಕೆಟ್ಟು, ಬಾಯಲ್ಲಿ ವಿಷಲ್ಲು, ಸೊಂಟದ ಚೀಲದಲ್ಲಿ ಕಂಡವರ ಕಾರಿನ ಕೀಗಳು. ಜನ ಕರೆಯುವುದೂ ವಿಷಲ್ ಅಕ್ಕ ಎಂದೇ.

ವ್ಯಾನು ತಮ್ಮನ ಜೊತೆ ನೀರಿನ ಕ್ಯಾನು ಹಂಚಲು ಹೊರಟ ಮೇಲೆ ಅಕ್ಕ ಸುಣ್ಣದ ಪುಡಿ ಚೆಲ್ಲುತ್ತಾ ಸಾಲು ಎಳೆಯುತ್ತಾರೆ. ಒಳ್ಳೆಯ ಕಾರ್ಯಕ್ರಮವಿದ್ದರೆ ಮುನ್ನೂರು ಕಾರು ಬರುತ್ತವೆ. ಮಾತು ಶುರುವಾದರೆ ಅವರ ನಾಚಿಕೆ ಎಲ್ಲೋ ಓಡಿಹೋಗುತ್ತದೆ. "ಬರುವಾಗ್ಲೇ ರಿವರ್ಸ್ ಹಾಕಿ, ಗಾಡಿ ಮುಖ ಹೊರಗಿಟ್ಟು ನಿಲ್ಲಿಸಿ. ಬರೋವಾಗ ಎಲ್ರಿಗೂ ತಾಳ್ಮೆ ಇರುತ್ತೆ, ಹೋಗೋವಾಗ ಯಾರಿಗಿರುತ್ತೆ ಹೇಳಿ? ಬೇಗ ಹೊರಡೋರು ಅಂಚಿಗೆ ನಿಲ್ಲಿಸಿ. ಗಾಜಿನ ಒಳಗಡೆ ಫೋನ್ ನಂಬರ್ ಇಡಿ. ಎಲ್ಲಿ ನಿಲ್ಲಿಸಿದ್ದೀರಿ ಅಂತ ಲೈಟ್ ಕಂಬದ ಫೋಟೋ ತಕ್ಕೊಳ್ಳಿ, ಆಮೇಲೆ ನನ್ನ ಹತ್ರ ಬಂದು 'ಬಿಳೀ ಕಾರು, ಬಿಳೀ ಕಾರು' ಅನ್ಬೇಡಿ. ಇಲ್ಲಿ ಇರೋದೆಲ್ಲಾ ಬಿಳೀ ಕಾರೇ!"

ಗಂಡನ ಹೊಲಿಗೆ ಅಂಗಡಿ ಮುಚ್ಚಿದ ವರ್ಷ ಅಕ್ಕ ಈ ಕೆಲಸ ಕೇಳಿಕೊಂಡು ಬಂದರು. "ಗಾಡಿ ಓಡಿಸೋಕೆ ಬರುತ್ತೇನಮ್ಮಾ?" ಎಂದು ಕೇಳಿದರು ಪಾರ್ಕಿಂಗ್ ಗುತ್ತಿಗೆದಾರರು. ಬರುವುದಿಲ್ಲ ಎಂದರೆ ಕೆಲಸವಿಲ್ಲ. "ಬರುತ್ತೆ ಸಾರ್," ಎಂದುಬಿಟ್ಟರು. ಮೈದಾನ ತುಂಬಿದರೆ ಸಾಲಿನ ಮುಂದೆ ಇನ್ನೊಂದು ಸಾಲು ನಿಲ್ಲಿಸಿ ಕೀ ಇಸಿದುಕೊಳ್ಳುವುದು ಇಲ್ಲಿನ ಪದ್ಧತಿ. ಯಾವುದಾದರೂ ಕಾರು ಸರಿಸಬೇಕಾಗಿ ಬಂದಾಗೆಲ್ಲ ಅಕ್ಕನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಇಲ್ಲವೇ ಕೈ ಉಳುಕುತ್ತಿತ್ತು. "ಅಣ್ಣಾ, ಒಂಚೂರು ನೀವೇ ಸರಿಸಿ," ಎಂದು ಪುಸಲಾಯಿಸಿ ಯಾರ ಕೈಲಾದರೂ ಮಾಡಿಸುತ್ತಿದ್ದರು. ಹಾಗೇ ವರ್ಷಗಳು ಕಳೆದವು.

ಹೋದ ತಿಂಗಳು ಆ ನಾಟಕ ನಡೆಯದಿದ್ದರೆ ಇನ್ನೂ ಕಳೆಯುತ್ತಿದ್ದವೇನೋ. ನಾಟಕ ಅರ್ಧಕ್ಕೆ ಬಂದಾಗ ಒಬ್ಬಾತ ತಾಯಿಯನ್ನು ತೋಳಿಗೆ ಆನಿಸಿಕೊಂಡು ಹೊರಗೆ ಬಂದ. ಅಜ್ಜಿಗೆ ತಲೆ ಸುತ್ತು, ಮೈಯೆಲ್ಲ ಬೆವರು. ಆಸ್ಪತ್ರೆಗೆ ಹೋಗಬೇಕು, ಆದರೆ ಅವನ ಕಾರಿನ ಮುಂದೆ ಇನ್ನೊಂದು ಕಾರು. "ಇದರ ಕೀ ಎಲ್ಲಿ? ಬೇಗ ತೆಗೀರಿ!" ಸುತ್ತ ಜನ ಸೇರಿದ್ದರು. ಓಡಿಸಲು ಬರುವುದಿಲ್ಲ ಎಂದರೆ ಮಾತು ಗುತ್ತಿಗೆದಾರರ ಕಿವಿಗೆ ಹೋಗದೆ ಇರುತ್ತದೆಯೇ? ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. "ಕೀ... ಕೀ ಕೊಟ್ಟಿಲ್ಲ ಸಾರ್ ಅವರು." ಕೀ ಸೊಂಟದ ಚೀಲದಲ್ಲೇ ಇತ್ತು.

ಮಗ ಬಾಯಿಗೆ ಬಂದಂತೆ ಬೈದ. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು. "ಅವಳನ್ನ ಬೈಬೇಡ್ವೋ. ಕೀ ಇಲ್ದೆ ಪಾಪ ಅವಳೇನು ಮಾಡ್ತಾಳೆ?"

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು," ಎನ್ನುತ್ತಾರೆ ಅಕ್ಕ. ಸುಣ್ಣ ಹತ್ತಿದ ಕೈಯನ್ನು ಜಾಕೆಟ್ಟಿಗೆ ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ. "ಜೀವ ಹೋಗೋ ಸಂಕಟದಲ್ಲೂ ಅವರು ನನ್ನ ಪರ ಮಾತಾಡ್ತಿದ್ದಾರೆ. ನಾನು ಕೀ ಇಟ್ಕೊಂಡು ಸುಳ್ಳು ಹೇಳ್ತಿದ್ದೀನಿ. ಥೂ, ನಾನೂ ಒಂದು ಮನುಷ್ಯಳಾ?"

ಅಕ್ಕ ಚೀಲದಿಂದ ಕೀ ತೆಗೆದು ಎಲ್ಲರೆದುರಿಗೆ ಚಾಚಿದರು. "ನನ್ನ ಹತ್ರನೇ ಇದೆ. ನನಗೆ ಗಾಡಿ ಓಡಿಸೋಕೆ ಬರಲ್ಲ." ಯಾರೋ ಕಿಸಕ್ಕೆಂದು ನಕ್ಕರು. ಮಗ ಕೀ ಕಸಿದುಕೊಂಡು ಮುಂದಿನ ಕಾರು ಸರಿಸಿ, ತನ್ನ ಕಾರಿಗೆ ತಾಯಿಯನ್ನು ಹತ್ತಿಸಿದ. ಅಕ್ಕ ರಸ್ತೆಯವರೆಗೂ ವಿಷಲ್ ಊದುತ್ತಾ ಓಡಿ ದಾರಿ ಬಿಡಿಸಿದರು. ಅಜ್ಜಿ ಕಿಟಕಿಗೆ ತಲೆ ಒರಗಿಸಿದ್ದರು, ಆಮೇಲೆ ಏನಾಯಿತೋ ಗೊತ್ತಿಲ್ಲ.

ಗುತ್ತಿಗೆದಾರರು ಕೂಗಾಡಿದರು. ಎರಡು ತಿಂಗಳು ಗಡುವು. ಅಷ್ಟರೊಳಗೆ ಕಲಿಯದಿದ್ದರೆ ವಿಷಲ್ ಬೇರೆಯವರ ಬಾಯಿಗೆ. ಅದಕ್ಕೇ ಈ ಮುಂಜಾವಿನ ವ್ಯಾನು. ಈಗ ಸೆಕೆಂಡ್ ಗೇರಿಗೆ ಬಂದಿದ್ದಾರೆ. "ರಿವರ್ಸ್ ಒಂದು ಬರ್ತಾನೇ ಇಲ್ಲ. ಊರಿಗೆಲ್ಲಾ ಅದನ್ನೇ ಹೇಳ್ಕೊಡ್ತೀನಿ ನೋಡಿ!" ಎಂದು ಇವತ್ತು ಮೊದಲ ಸಲ ನಗುತ್ತಾರೆ.

ಸಂಜೆ ಹಾಡಿನ ಕಾರ್ಯಕ್ರಮ. ಮೈದಾನ ತುಂಬಿದೆ, ಗೇಟಿನ ಪಕ್ಕ ಮಾತ್ರ ಒಂದು ಜಾಗ ಖಾಲಿ. ಅಲ್ಲಿ ಅಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದಾರೆ. ಅಲ್ಲಿಂದ ಹೊರಡುವವರಿಗೆ ಯಾರೂ ಅಡ್ಡ ಬರುವುದಿಲ್ಲ. ದೊಡ್ಡ ಕಾರಿನವರೊಬ್ಬರು ಗಾಜು ಇಳಿಸುತ್ತಾರೆ.

"ಆ ಸ್ಟೂಲ್ ತೆಗೀರಿ."

"ಆಗಲ್ಲ ಸಾರ್. ಅದು ಒಬ್ಬರು ಅಜ್ಜಿಗೆ."

"ಯಾರು? ಹೆಸರೇನು?"

"ಗೊತ್ತಿಲ್ಲ ಸಾರ್."

"ಬರ್ತಾರೆ ಅಂತಾದ್ರೂ ಗೊತ್ತಾ?"

ಅಕ್ಕ ತಲೆ ತಗ್ಗಿಸುತ್ತಾರೆ. ಆದರೆ ಸ್ಟೂಲಿನ ಮುಂದಿನಿಂದ ಕದಲುವುದಿಲ್ಲ. ಕಾರು ಗೊಣಗುತ್ತಾ ಹಿಂದಿನ ಗೇಟಿಗೆ ಹೋಗುತ್ತದೆ.

"ಬಂದ್ರೆ ಏನೂ ಕೇಳಲ್ಲ ನಾನು," ಎನ್ನುತ್ತಾರೆ, ರಸ್ತೆಯ ಕಡೆಗೇ ನೋಡುತ್ತಾ. "ಅವರು ಕಾರಿಂದ ಇಳಿದು ತಾವಾಗಿ ನಡ್ಕೊಂಡು ಒಳಗೆ ಹೋಗೋದು ನೋಡ್ಬೇಕು. ಅಷ್ಟೇ."