ಇನ್ನೂ ಹುಟ್ಟದ ಕೂಸು ನಮ್ಮ ಅಡುಗಿಮನ್ಯಾಗ

ನೋಡ್ರಿಪಾ, ಇವತ್ತು ಮುಂಜಾನಿಂದ ನಾ ಒಂದು ಕಡೆ ಕೂತಿಲ್ಲ. ಪಕ್ಕದ ಫ್ಲ್ಯಾಟಿನ ಮಂಗಳೂರಿನ ಲವೀನಾ ಕ್ರಿಸ್‌ಮಸ್ಸಿಗೆ ರಟ್ಟಿನ ಡಬ್ಬಿ, ಈ ಅರಬ್ ದೇಶದ ನಿಜ್ವಾ ಊರಿಂದ ತಂದ ಖರ್ಜೂರದ ಗರಿ ಹಾಕಿ ಗೋದಲಿ, ಅಂದ್ರ ಯೇಸು ಹುಟ್ಟಿದ ಕೊಟ್ಟಿಗಿ, ಕಟ್ಟಾಕತ್ತಿದ್ಲು. ಅಂಗಡ್ಯಾಗಿನ ಗೊಂಬಿ ಭಾಳ ತುಟ್ಟಿ. ಅದಕ್ಕ ನಾನ ಮೈದಾಹಿಟ್ಟಿನ್ಯಾಗ ಬಾಲಯೇಸುನ ಮಾಡಿ ಕೊಟ್ಟಿಗ್ಯಾಗ ಮಲಗಿಸಿದೆ.

ಲವೀನಾ ಗಾಬರಿಯಾದ್ಲು. "ತೆಗೀರಿ ಅಕ್ಕ, ಅವ ಹುಟ್ಟುವುದು ಇಪ್ಪತ್ನಾಲ್ಕರ ರಾತ್ರಿ. ಅಲ್ಲಿವರೆಗೆ ಇಲ್ಲಿ ಇಡುವ ಹಾಗಿಲ್ಲ."

"ಹಂಗಾರ ಎಲ್ಲಿಡ್ಲಿ?"

"ನಮ್ಮಲ್ಲಿ ಇರುವೆ ಉಂಟು ಮಾರಾಯ್ರೆ. ನಿಮ್ಮಲ್ಲೇ ಇರಲಿ."

ಈಗ ಕೂಸು ನಮ್ಮ ಅಕ್ಕಿ ಡಬ್ಬಿ ಮ್ಯಾಲೆ ಮಲಗೇತಿ. ನಾ ಗಳಿಗಿಗೊಮ್ಮೆ ಎದ್ದು ನೋಡಾಕತ್ತೀನಿ.

ನಮ್ಮನಿಯವರು ಅಂದ್ರು, "ನಮ್ಮ ಮಗಳು ಅತ್ತಾಗ ನನ್ನ ಎಬ್ಬಿಸ್ತಿದ್ದಿ."

ಖರೆ. ಆದ್ರ ಕೂಸಿನ್ನ ನೋಡಾಕ ದೂರದೇಶದ ಮೂರು ರಾಜರು ಬರೂದ್ರಾಗ ಇರುವಿಗಳು ದರ್ಶನಕ್ಕ ಬಂದ್ರ ಏನ್ ಮಾಡ್ಲಿ?